ಬೇಡ ಎನ್ನುವ ಕೈ

ಹಮ್ಮಣ್ಣ ನಾಯಕರು ತೀರಿಕೊಂಡ ಸುದ್ದಿ ಕಡವಿನಬೈಲಿಗೆ ತಿಳಿದದ್ದು ಭಾದ್ರಪದ ಬಹುಳ ದ್ವಾದಶಿಯ ಬೆಳಿಗ್ಗೆ ಎಂಟು ಗಂಟೆಗೆ. ಮನುಷ್ಯರ ಬಾಯಿಂದ ತಿಳಿಯುವ ಮೊದಲೇ ಯಂತ್ರದಿಂದ ತಿಳಿಯಿತು. ಮನೆಮನೆಯ ಗೋಡೆಯ ಮೇಲಿದ್ದ ಪೆಟ್ಟಿಗೆ ದಿನವೂ ಆ ಹೊತ್ತಿಗೆ ಉಬ್ಬರ ಇಳಿತದ ವೇಳೆ ಹೇಳುತ್ತಿತ್ತು. ಅಂದು ವೇಳೆ ಹೇಳಿ ಮುಗಿಸಿ, "ತಡೆಗಾರರ ಸ್ಥಾನ ಖಾಲಿಯಾಗಿದೆ" ಎಂದಿತು. ಹಮ್ಮಣ್ಣನ ಮಣಿಕಟ್ಟಿನಲ್ಲಿದ್ದ ಪಟ್ಟಿಯಲ್ಲಿ ನಾಡಿ ನಿಂತದ್ದು ಅದಕ್ಕೆ ತಿಳಿದಿತ್ತು. ತಿಳಿದದ್ದನ್ನು ಹೇಳಿತು. ಅಳುವುದು ಅದರ ಕೆಲಸವಲ್ಲ.

ಬೊಮ್ಮಯ್ಯ ನಾಯಕ ಆಗ ಜಗಲಿಯಲ್ಲಿ ಕೂತು ದೋಸೆ ತಿನ್ನುತ್ತಿದ್ದ. ಒಳಗೆ ಹೆಂಡತಿ ಸಣ್ಣಮ್ಮನ ಕೈಯಿಂದ ಸೌಟು ಬಿದ್ದ ಸದ್ದು ಕೇಳಿಸಿತು. ಹಮ್ಮಣ್ಣ ಅವಳ ಒಡಹುಟ್ಟಿದ ಅಣ್ಣ. ಬೊಮ್ಮಯ್ಯನ ಎದೆಯಲ್ಲಿ ಆ ಕ್ಷಣ ಎದ್ದದ್ದು ದುಃಖವಲ್ಲ. ಹನ್ನೊಂದು ವರ್ಷ ಮುಚ್ಚಿದ್ದ ಬಾಗಿಲು ಕಿರ್ರೆಂದು ತೆರೆದ ಹಾಗೆ ಒಂದು ಹಿಗ್ಗು ಎದ್ದಿತು. 'ಇನ್ನು ನಾನು' ಎಂದಿತು ಮನಸ್ಸು. ಮರುಕ್ಷಣವೇ ಅವನಿಗೆ ನಾಚಿಕೆಯಾಗಿ, ತಟ್ಟೆ ಸರಿಸಿ, 'ವೆಂಕಟರಮಣಾ, ಇದೇನು ಬುದ್ಧಿ ಕೊಟ್ಟೆ' ಎಂದುಕೊಂಡ. ಆದರೆ ಬಂದ ಹಿಗ್ಗು ಬಂದಾಗಿತ್ತು.

ಇದು ತಿಳಿಯಬೇಕಾದರೆ ಊರಿನ ವ್ಯವಸ್ಥೆ ತಿಳಿದಿರಬೇಕು. ಕಡಲು ಮೊಳ ಮೊಳ ಮೇಲೆ ಬರತೊಡಗಿದ ಕಾಲದಲ್ಲಿ ಮಣಿಹೊಳೆಯ ಅಳಿವೆಗೆ ಅಡ್ಡಲಾಗಿ ಹದಿನಾರು ಉಕ್ಕಿನ ಬಾಗಿಲುಗಳನ್ನು ಕಟ್ಟಿದರು. ಒಳಗಡೆ ಗಜನಿ ಗದ್ದೆಗಳು. ಅಲ್ಲಿ ಉಪ್ಪುನೀರು ತಡೆಯುವ ಕಗ್ಗದ ಭತ್ತ ಬೆಳೆಯುತ್ತದೆ. ಆ ಭತ್ತಕ್ಕೂ ಹೂ ಬಿಡುವ ಕಾಲದಲ್ಲಿ ಉಪ್ಪು ಹೆಚ್ಚಾಗಬಾರದು. ಗದ್ದೆಯ ಆಚೆ ಕೆಸರುದಿಬ್ಬ. ಅಲ್ಲಿ ಅಂಬಿಗರ ಹೆಂಗಸರು ಸೊಂಟದ ತನಕ ನೀರಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ಬಳಚಿಗೆ ಕಡಲ ನೀರು ಒಳಗೆ ಬಂದು ಹೋಗುತ್ತಿರಬೇಕು. ಒಬ್ಬರ ಅನ್ನ ಬಾಗಿಲು ಮುಚ್ಚುವುದರಲ್ಲಿ, ಇನ್ನೊಬ್ಬರ ಅನ್ನ ತೆರೆಯುವುದರಲ್ಲಿ.

ಆದಕಾರಣ ಬಾಗಿಲನ್ನು ಒಬ್ಬರ ಕೈಗೆ ಕೊಡಲಿಲ್ಲ. ನಲವತ್ತು ಜನರ ಸಭೆ ಠರಾವು ಮಾಡಬೇಕು. ಠರಾವನ್ನು ನೀರುಗಣಕವೆಂಬ ಯಂತ್ರ ನೋಡಬೇಕು. ಅದು ನೋಡುವುದು ಎರಡನ್ನೇ: ಬಾಗಿಲು ಮುರಿಯುವುದೇ, ಮನೆಗಳು ಮುಳುಗುವುದೇ. ಮೂರನೆಯವನು ತಡೆಗಾರ. ಅವನು ಸಭೆಯಲ್ಲಿ ಕೂರುವಂತಿಲ್ಲ, ಮತ ಹಾಕುವಂತಿಲ್ಲ, ತನ್ನದೆಂದು ಒಂದು ಠರಾವು ತರುವಂತಿಲ್ಲ. ಬೇಡ ಎನ್ನುವುದೊಂದೇ ಅವನ ಹಕ್ಕು. ಕಾರಣವನ್ನು ಬಾಯಿಬಿಟ್ಟು ಹೇಳಿಯೇ ಬೇಡ ಎನ್ನಬೇಕು. ಅವನು ಸುಮ್ಮನಿದ್ದರೆ ಠರಾವು ನಡೆಯುತ್ತದೆ. ಬೇಡ ಎಂದರೂ ಸಭೆಯ ಮುಕ್ಕಾಲು ಪಾಲು, ಅಂದರೆ ಮೂವತ್ತು ಜನ, ಎರಡನೆಯ ಸಲ ಕೈ ಎತ್ತಿದರೆ ಅವನ ಮಾತು ಬಿದ್ದುಹೋಗುತ್ತದೆ.

ಮೊದಲ ತಡೆಗಾರರಾಗಿದ್ದವರು ಊರಿನ ಶಾಲೆಯ ನಿವೃತ್ತ ಶಿಕ್ಷಕಿ, ಎಲ್ಲರ ಬಾಯೋರು. ಅವರಿಗೆ ಯಾರೋ ಸಭೆಯಲ್ಲಿ ಹಗುರವಾಗಿ ಮಾತಾಡಿದರೆಂದು ಸಿಟ್ಟು ಬಂದು, ಬಾಗಿಲು ತೆರೆಯುವ ಠರಾವಿಗೆ ಬೇಡ ಎಂದುಬಿಟ್ಟರು. ಹೊರಗೆ ಗಾಳಿ ಎದ್ದಿತ್ತು. ಎರಡು ದೋಣಿ ಒಳಗೆ ಬರಲಾರದೆ ಮುಳುಗಿದವು. ಅಂದಿನಿಂದ ತಾಮ್ರದ ಫಲಕ ಬಂತು. ತಡೆಗಾರ ಅದರ ಮೇಲೆ ಅಂಗೈ ಇಟ್ಟು ಮಾತಾಡಬೇಕು. ಫಲಕ ನಾಡಿಯನ್ನೂ ಬೆವರನ್ನೂ ನಡುಕವನ್ನೂ ಅಳೆಯುತ್ತದೆ. ಕೈ ಶಾಂತವಾಗಿಲ್ಲದಿದ್ದರೆ ಅವನ ಬೇಡವನ್ನು ಅದು ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಕಟ್ಟಳೆಯನ್ನು ಹಿರಿಯರು ಮಾಡಿದ್ದರು. ತಡೆಗಾರನ ಕಾಲ ಮುಗಿದರೆ, ಅತಿ ಹೆಚ್ಚು ಸಲ ಯಾರ ಠರಾವು ತಡೆಯಲ್ಪಟ್ಟಿದೆಯೋ ಅವನೇ ಮುಂದಿನ ತಡೆಗಾರ. ಬೇಡ ಎನ್ನಿಸಿಕೊಂಡವನಿಗೇ ಅದರ ಭಾರ ಗೊತ್ತು ಎಂಬುದು ಅವರ ಎಣಿಕೆ.

ಬಾಯೋರು ತೀರಿಕೊಂಡಾಗ ಹಮ್ಮಣ್ಣನ ಐದು ಠರಾವು ಬಿದ್ದಿದ್ದವು, ಬೊಮ್ಮಯ್ಯನ ನಾಲ್ಕು. ಒಂದೇ ಒಂದು ಠರಾವಿನಿಂದ ಆ ಸ್ಥಾನ ಭಾವನ ಪಾಲಾಯಿತು. ಆ ಒಂದು ಬೊಮ್ಮಯ್ಯನ ಹೊಟ್ಟೆಯಲ್ಲಿ ಹನ್ನೊಂದು ವರ್ಷ ಕೆಂಡವಾಗಿ ಉಳಿಯಿತು. ಶಾಲೆಯಲ್ಲಿ ಲೆಕ್ಕಕ್ಕೆ ತನ್ನ ಪಾಟಿ ನೋಡಿ ಬರೆದುಕೊಳ್ಳುತ್ತಿದ್ದವನು, ಈಜಿನಲ್ಲಿ ತನಗಿಂತ ಹಿಂದೆ ಉಳಿಯುತ್ತಿದ್ದವನು, ಸಭೆಯಲ್ಲಿ ಎರಡು ಮಾತು ಸರಿಯಾಗಿ ಆಡಲು ಬಾರದವನು. ಅಂಥವನು ಒಂದು ಅಂಗೈ ಊರಿ ನಲವತ್ತು ಜನರ ಮಾತನ್ನು ನಿಲ್ಲಿಸುತ್ತಿದ್ದ. ಆಮೇಲಿನ ವರ್ಷಗಳಲ್ಲಿ ಬೊಮ್ಮಯ್ಯನ ಏಳು ಠರಾವುಗಳನ್ನು ಅವನು ನಿಲ್ಲಿಸಿದ. ಪ್ರತಿ ಸಲವೂ ಪೆಟ್ಟಿಗೆಯಲ್ಲಿ ಅದೇ ಮೆಲುದನಿ: ಇಂಥ ಕಾರಣಕ್ಕೆ ಬೇಡ. ಅದರಲ್ಲಿ ಸಿಟ್ಟಿಲ್ಲ, ಸೆಡವಿಲ್ಲ. ಬೈದಿದ್ದರೆ ಬೊಮ್ಮಯ್ಯ ಸಹಿಸುತ್ತಿದ್ದ.

ಆದ್ದರಿಂದ ಆ ವರ್ಷ ಅವನು ಎಂಟನೆಯ ಠರಾವು ತಂದ. ಕಗ್ಗ ಹೂ ಬಿಟ್ಟಿದೆ, ಅಮಾವಾಸ್ಯೆಯ ಸಂಜೆಯ ಇಳಿತದಿಂದ ಹನ್ನೆರಡು ದಿನ ಬಾಗಿಲನ್ನು ತೆರೆಯದೆ ಮುಚ್ಚಿಯೇ ಇಡಬೇಕು ಎಂದು. ಅಷ್ಟು ದಿನ ಬೇಕಿರಲಿಲ್ಲ. ಉಬ್ಬರ ತುಂಬಿ ಏರುವ ಹೊತ್ತಿಗೆ ಮಾತ್ರ ಮುಚ್ಚಿ ಇಳಿತಕ್ಕೆ ತೆರೆದರೆ ಭತ್ತಕ್ಕೆ ಸಾಕಾಗುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಆದರೆ ಅವನಿಗೆ ಬೇಕಾದದ್ದು ಭತ್ತವಲ್ಲ. ಹಮ್ಮಣ್ಣ ಖಂಡಿತ ಬೇಡ ಎನ್ನುವಂಥದು ಬೇಕಿತ್ತು. ಅವನು ಹಾಗೆ ಅಂದಾಗ ಮುಕ್ಕಾಲು ಪಾಲು ಸಭೆಯಿಂದ ಆ ಬೇಡವನ್ನು ಒಂದು ಸಲ, ಒಂದೇ ಒಂದು ಸಲ, ಊರೆದುರು ಬೀಳಿಸಬೇಕಿತ್ತು. ಮನೆಮನೆಗೆ ಹೋಗಿ ಕೂತು ಎಲೆಯಡಿಕೆ ಹಾಕಿ ಜನರನ್ನು ಒಪ್ಪಿಸಿದ. ಏಕಾದಶಿಯ ದಿನ ಮೂವತ್ತಮೂರು ಕೈ ಎದ್ದವು. ಅವತ್ತು ಬೊಮ್ಮಯ್ಯ ಉಪವಾಸದಲ್ಲಿಯೂ ಹೊಟ್ಟೆ ತುಂಬಿದವನಂತೆ ಮನೆಗೆ ಬಂದ.

ಮಾರನೆಯ ಬೆಳಿಗ್ಗೆ ಹಮ್ಮಣ್ಣ ಬೇಡ ಎನ್ನದೆಯೇ ಹೊರಟುಹೋದ.

ದಹನಕ್ಕೆ ಊರಿಗೆ ಊರೇ ಬಂದಿತ್ತು. ಹೆಂಡತಿಯೂ ಮಕ್ಕಳೂ ಇಲ್ಲದವನು. ದೊಡ್ಡಪ್ಪನ ಮಗ ಬೆಂಕಿ ಕೊಟ್ಟ. ಬೊಮ್ಮಯ್ಯ ಕಟ್ಟಿಗೆಯ ಪಕ್ಕ ನಿಂತು, ಬಂದವರ ತಲೆ ಎಣಿಸುತ್ತಿದ್ದ ತನ್ನ ಕಣ್ಣನ್ನು ತಾನೇ ಹಿಡಿದ. 'ನನಗೆ ಇಷ್ಟು ಜನ ಬಂದಾರೇ' ಎಂದು ಅದು ಕೇಳುತ್ತಿತ್ತು. ಬಳಚಿನ ಹೆಂಗಸರು ಕೆಸರುಗಾಲಲ್ಲೇ ಬಂದು ದೂರದಲ್ಲಿ ನಿಂತಿದ್ದರು. ಸಣ್ಣಮ್ಮ ನೆಲದ ಮೇಲೆ ಹೊರಳಿ ಅತ್ತಳು. ನಲವತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿ ಹೀಗೆ ಅತ್ತದ್ದನ್ನು ಅವನು ಕಂಡಿರಲಿಲ್ಲ. ನಾಳೆ ನಾನು ಹೋದರೆ ಇವಳು ಇದರ ಅರ್ಧವಾದರೂ ಅಳುವಳೇ ಎಂದು ಆ ಹೊಗೆಯಲ್ಲಿ ನಿಂತು ಯೋಚಿಸಿದ. ಸತ್ತವನ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂಬುದು ಅವನಿಗೆ ಅಂದು ತಿಳಿಯಿತು.

ತ್ರಯೋದಶಿಯ ದಿನ ಯಂತ್ರದ ಕೋಣೆಗೆ ಅವನನ್ನು ಕರೆದರು. ಅಳಿವೆಯ ಮೇಲೆ ಕಟ್ಟಿದ ಗಾಜಿನ ಕೋಣೆ ಅದು. ಕೆಳಗೆ ಹದಿನಾರು ಬಾಗಿಲು, ಎದುರಿಗೆ ಕಡಲು. ಅಲ್ಲಿನ ಮೇಲ್ವಿಚಾರಕಿ ಮಾಲಿನಿ ಗುನಗ ನಡುವಯಸ್ಸಿನ ಹೆಂಗಸು, ಕಡ್ಡಿ ಮುರಿದಂತೆ ಮಾತು. ಅವಳು ಅವನ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಪ್ರಮಾಣ ಹೇಳಿಸಿದಳು. ಸಭೆಯಿಂದ ಅವನ ಹೆಸರು ತೆಗೆದಾಯಿತು. ತಡೆಗಾರರ ಮಾತಿಗೆ ಕಾದಿರುವ ಠರಾವು ಒಂದಿದೆ, ಅಮಾವಾಸ್ಯೆಯ ಸಂಜೆ ಐದೂವರೆಗೆ ಬಾಗಿಲು ಮುಚ್ಚುತ್ತದೆ, ಅಲ್ಲಿಯತನಕ ತಡೆಯುವ ಅವಕಾಶವುಂಟು ಎಂದಳು. ನನ್ನದೇ ಠರಾವನ್ನು ನಾನೇಕೆ ತಡೆಯಲಿ ಎಂದು ಅವನು ನಕ್ಕ. ಅವಳು ನಗಲಿಲ್ಲ. ಫಲಕದ ಮೇಲೆ ಒಂದು ಅಂಗೈಯಷ್ಟು ಜಾಗ ಸವೆದು ಹೊಳೆಯುತ್ತಿತ್ತು. ಆ ಹೊಳಪನ್ನು ಕಂಡೇ ಅವನ ಹೊಟ್ಟೆ ಉರಿಯಿತು.

ಚತುರ್ದಶಿಯ ಬೆಳಿಗ್ಗೆ ಮಾಸ್ತಪ್ಪ ಗಾಂವಕರ ಬಂದ. ಸಭೆಯಲ್ಲಿ ಬೊಮ್ಮಯ್ಯನ ಬಲಗೈ ಎನಿಸಿಕೊಂಡವನು. ಜಗಲಿಯಲ್ಲಿ ಕೂತು, ಸತ್ತವರ ಗುಣ ಹೇಳಿ, ಎಲೆಗೆ ಸುಣ್ಣ ಹಚ್ಚುತ್ತ ಮಾತು ತೆಗೆದ.

"ಮತ್ತೆ, ಆ ಠರಾವು ಇವತ್ತೇ ತಡೀತ್ರೋ, ನಾಳೆಗೋ?"

"ತಡೆಯೋದು ಯಾಕೆ? ನೀನೇ ಕೈ ಎತ್ತಿದೆಯಲ್ಲ ಮಾರಾಯ."

"ಎತ್ತಿದೆ. ಹಮ್ಮಣ್ಣ ಹೇಗೂ ಬೇಡ ಅಂತಾರೆ, ನಿಮ್ಮ ಮನಸ್ಸು ನಾನ್ಯಾಕೆ ಮುರೀಲಿ ಅಂತ ಎತ್ತಿದೆ. ಹನ್ನೆರಡು ದಿನ ಮುಚ್ಚಿದರೆ ಬಳಚು ಸತ್ತು ನಾರ್ತದೆ. ಆ ನಾತದಲ್ಲಿ ಗದ್ದೆಗೆ ಇಳಿಯೋರು ಯಾರು? ಆ ಹೆಂಗಸರು ಉಣ್ಣೋದು ಏನು?"

"ಉಳಿದವರು?"

"ಉಳಿದವರ ಹೊಟ್ಟೇಲಿ ನಾನು ಹೊಕ್ಕು ನೋಡಲಿಲ್ಲ. ಆದರೂ ಅಷ್ಟೇ ಇರಬೇಕು."

ಹಮ್ಮಣ್ಣ ತಡೆದ ಮೇಲೆ ಎರಡನೆಯ ಸಲ ಕೈ ಎತ್ತಬೇಕಾಗಿ ಬಂದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಬೊಮ್ಮಯ್ಯ ಕೇಳಿದ.

ಮಾಸ್ತಪ್ಪ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡ. "ಆವತ್ತು ನನಗೆ ಜ್ವರ ಬರ್ತಿತ್ತು. ಇನ್ನೊಬ್ಬರಿಗೆ ನೆಂಟರ ಮದುವೆ ಬರ್ತಿತ್ತು. ಹೋದ ಏಳು ಸಲವೂ ಎರಡನೇ ಮತಕ್ಕೆ ಜನ ಸೇರಲಿಲ್ಲ, ನೆನಪಿಲ್ಲವೋ?"

ನೆನಪಿತ್ತು. ಜ್ವರವೂ ಮದುವೆಯೂ ನಿಜವೆಂದೇ ಅವನು ನಂಬಿದ್ದ.

ಠರಾವನ್ನು ಸಭೆಯವರೇ ಹಿಂದೆ ತೆಗೆಯಬಾರದೇ ಎಂದು ಬೊಮ್ಮಯ್ಯ ಕೇಳಿದರೆ, ಒಮ್ಮೆ ಒಪ್ಪಿದ್ದನ್ನು ಆ ಬೆಳೆ ಮುಗಿಯುವ ತನಕ ಸಭೆ ಮತ್ತೆ ಮುಟ್ಟುವಂತಿಲ್ಲ, ತಂದ ಸದಸ್ಯ ಮಾತ್ರ ಹಿಂದೆ ತೆಗೆಯಬಹುದು, ಈಗ ನೀವು ಸದಸ್ಯರಲ್ಲ ಎಂದು ಮಾಸ್ತಪ್ಪ ನೆನಪು ಮಾಡಿದ. ಹೋಗುವಾಗ, "ಕಠಿಣ ಅಲ್ಲ ಬಿಡಿ. ಹಮ್ಮಣ್ಣನ ಹಾಗೆ ಬೇಡ ಅಂದುಬಿಡಿ" ಎಂದ.

ಹಮ್ಮಣ್ಣನ ಹಾಗೆ. ಆ ಮಾತು ಚೇಳು ಕಡಿದಂತಾಯಿತು. ಬೊಮ್ಮಯ್ಯನಿಗೆ ಆಸ್ತಿಯೆಂದು ಇದ್ದದ್ದು ಒಂದೇ: ಅವನು ನಿಂತು ಮಾತಾಡಿದರೆ ಮೂವತ್ತು ಕೈ ಏಳುತ್ತವೆ ಎಂಬುದು. ಆ ಕೈಗಳೂ ಹಮ್ಮಣ್ಣನವೇ ಆಗಿದ್ದವು. ಅವನು ಬೇಡ ಎನ್ನುತ್ತಾನೆಂಬ ಧೈರ್ಯದ ಮೇಲೆ ಊರು ಇವನಿಗೆ ಹೌದು ಎನ್ನುತ್ತಿತ್ತು. ಕಹಿಯೆಲ್ಲ ಅಲ್ಲಿಗೆ, ಬೆಲ್ಲವೆಲ್ಲ ಇಲ್ಲಿಗೆ. 'ಹಾಗಾದರೆ ಮುಚ್ಚಲಿ' ಎಂದು ಅವನು ಮನಸ್ಸಿನಲ್ಲೇ ಹಲ್ಲು ಕಡಿದ. 'ಕೈ ಎತ್ತಿದವರು ಆ ನಾತ ಕುಡಿಯಲಿ.'

ಮಧ್ಯಾಹ್ನ ತುಳಸು ಬಂದಳು. ಬಳಚಿನ ಹೆಂಗಸರಲ್ಲಿ ಹಿರಿಯಳು, ಸಭೆಯಲ್ಲಿ ಎದ್ದ ಕೈಗಳ ನಡುವೆ ಕೆಳಗೇ ಇದ್ದ ಏಳು ಕೈಗಳಲ್ಲಿ ಮೊದಲನೆಯದು ಅವಳದು. ಸಣ್ಣಮ್ಮನನ್ನು ಮಾತಾಡಿಸಲು ಬಂದವಳು ಒಳಗೆ ಕೂತು ಸ್ವಲ್ಪ ಹೊತ್ತು ಅತ್ತು, ಜಗಲಿಗೆ ಬಂದಳು. ಬೇಡಿಕೊಳ್ಳಲು ಬಂದಿದ್ದೀಯಾ ಎಂದು ಬೊಮ್ಮಯ್ಯ ಕೇಳಿದ, ಮುಖ ತಿರುಗಿಸಿ.

"ಇಲ್ಲ ತಮ್ಮಾ. ಬೇಡಿಕೊಂಡರೆ ನೀನು ಇನ್ನೂ ಬಿಗಿ ಆಗ್ತೀಯ, ಸಣ್ಣವನಿದ್ದಾಗಿಂದ ನೋಡಿದ್ದೇನೆ."

"ನಿಮ್ಮವ ಹೋದ. ಇನ್ನು ನಿಮಗೆ ಕಷ್ಟ."

"ನಮ್ಮವ ಎಲ್ಲಿಂದ ಆದ? ನನ್ನ ಎರಡು ಠರಾವು ಅವನೂ ನಿಲ್ಲಿಸಿದ. ಭತ್ತದವರು ಸಾಯ್ತಾರೆ ಅಂದ. ನಾನು ಒಂದು ವರ್ಷ ಅವನ ಹತ್ತಿರ ಮಾತು ಬಿಟ್ಟಿದ್ದೆ, ಅವನಿಗೆ ಬಳಚೂ ಕೊಡಲಿಲ್ಲ."

ಆ ಎರಡನ್ನು ಬೊಮ್ಮಯ್ಯ ಯಾವತ್ತೂ ಎಣಿಸಿರಲಿಲ್ಲ. ತನ್ನ ಗಾಯವನ್ನು ಮಾತ್ರ ಎಣಿಸಿಕೊಂಡು ಕೂತಿದ್ದ.

ಅವಳು ಹೋದ ಮೇಲೆ ಸಣ್ಣಮ್ಮ ಬಾಗಿಲ ಕಂಬಕ್ಕೆ ಒರಗಿ ನಿಂತಳು. ಮೂರು ದಿನದಿಂದ ಅವನ ಸಂಗಡ ಅವಳು ಮಾತಾಡಿರಲಿಲ್ಲ. ಈಗ ನೆಲ ನೋಡುತ್ತ ಹೇಳಿದಳು: "ಈ ಜಗಲಿ ಒಂದು ದಿನವೂ ಖಾಲಿ ಇರಲಿಲ್ಲ. ಅಣ್ಣ ಹಬ್ಬಕ್ಕೆ ಬಂದರೂ ಹಿತ್ತಲಿಂದ ಬಂದು ಹಿತ್ತಲಿಂದ ಹೋಗ್ತಿದ್ದ. ಮುಂದಿನಿಂದ ಬಾ ಅಂದರೆ, ಅಲ್ಲಿ ಕೂತವರಿಗೆ ನನ್ನ ಕಂಡರೆ ಮಾತು ನಿಲ್ತದೆ ತಂಗಿ ಅಂತಿದ್ದ. ಅಡಿಗೆಮನೇಲಿ ಕೂತು, ಇಲ್ಲಿನ ನಗು ಕೇಳ್ತಾ ಉಣ್ತಿದ್ದ."

ಆ ಮಧ್ಯಾಹ್ನ ಬೊಮ್ಮಯ್ಯನಿಗೆ ನಿದ್ದೆಯೂ ಹತ್ತಲಿಲ್ಲ, ಜಪದಲ್ಲಿ ಮಣಿಯೂ ಮುಂದೆ ಹೋಗಲಿಲ್ಲ.

ಅಮಾವಾಸ್ಯೆಯ ದಿನ ಹನ್ನೊಂದು ಗಂಟೆಗೆ ಅವನು ಸ್ನಾನ ಮಾಡಿ, ಹಣೆಗೆ ನಾಮವಿಟ್ಟು ಯಂತ್ರದ ಕೋಣೆಗೆ ಹೋದ. ಕಡಲು ತುಂಬಿ ಬಂದಿತ್ತು. ಕೆಸರುದಿಬ್ಬದ ಮೇಲೆ ನೀರು ಮಿನುಗುತ್ತಿತ್ತು. ಏನು ಮಾಡಲು ಬಂದಿರೆಂದು ಮಾಲಿನಿ ಕೇಳಲಿಲ್ಲ. ಅವನು ಫಲಕದ ಮೇಲೆ ಅಂಗೈ ಇಟ್ಟು, ಕಡಲ ನೀರು ಹನ್ನೆರಡು ದಿನ ಒಳಗೆ ಬಾರದಿದ್ದರೆ ಬಳಚು ಸಾಯುತ್ತದೆ, ಆದ್ದರಿಂದ ಬೇಡ ಎಂದ.

"ಕೈ ಶಾಂತವಾಗಿಲ್ಲ" ಎಂದಿತು ಫಲಕ.

ಬೊಮ್ಮಯ್ಯ ಕೈ ಒರೆಸಿಕೊಂಡು ಮತ್ತೆ ಇಟ್ಟ. ಮತ್ತೆ ಅದೇ ಮಾತು. ಕೂತು ನೂರೆಂಟು ನಾಮ ಹೇಳಿದ. ನಾಮದ ನಡುನಡುವೆ ಮಾಸ್ತಪ್ಪನ ದನಿ ಬಂತು: ಹಮ್ಮಣ್ಣನ ಹಾಗೆ. ಇನ್ನು ತಾನು ಯಾವ ಬೇಡ ಹೇಳಿದರೂ ಅದು ಭಾವನ ಬೇಡದ ನಕಲು. ಈ ಸವೆದ ಜಾಗದಲ್ಲಿ ತನ್ನ ಕೈ ಎಷ್ಟು ವರ್ಷ ಇದ್ದರೂ ಅದು ಅವನ ಕೈಯ ಅಚ್ಚು. ನಾಡಿ ಹಾರತೊಡಗಿತು. ಮೂರನೆಯ ಸಲವೂ ಫಲಕ ಒಪ್ಪಲಿಲ್ಲ. ನಾಲ್ಕನೆಯ ಸಲವೂ.

ಊಟದ ಹೊತ್ತು ಕಳೆಯಿತು. ಯಂತ್ರಕ್ಕೆ ಹೊಟ್ಟೆಕಿಚ್ಚೂ ಗೊತ್ತಾಗುತ್ತದೆಯೇ ಎಂದು ಅವನು ಕೇಳಿದ. ಅದಕ್ಕೆ ಏನೂ ಗೊತ್ತಾಗುವುದಿಲ್ಲ, ದುಃಖವಾದರೂ ದ್ವೇಷವಾದರೂ ನಡುಕ ಒಂದೇ ಎಂದಳು ಮಾಲಿನಿ. ಅವನ ಮುಂದೆ ಚಹ ಇಟ್ಟು ಹೇಳಿದಳು.

"ನಾಯಕರೇ, ಹೇಳಬಾರದೇನೋ. ತುಳಸಮ್ಮನ ಠರಾವಿಗೆ ಹಮ್ಮಣ್ಣನವರು ಐದು ನಿಮಿಷ ತಗೊಂಡರು. ನಿಮ್ಮದು ಬಂದರೆ ಬುತ್ತಿ ಕಟ್ಟಿಕೊಂಡೇ ಬರ್ತಿದ್ದರು. ಒಂದು ಸಲ ಬೆಳಿಗ್ಗೆ ಕೂತವರದು ಸಂಜೆ ನಾಲ್ಕಕ್ಕೆ ಕೈ ನಿಂತಿತು. ಫಲಕ ಒಂಬತ್ತು ಸಲ ತಿರಸ್ಕರಿಸಿತ್ತು."

"ಯಾಕೆ?"

"ನಾನು ಕೇಳಲಿಲ್ಲ. ಆ ಕಿಟಕಿಯಿಂದ ನಿಮ್ಮ ಮನೆ ಕಾಣ್ತದೆ. ಅದನ್ನೇ ನೋಡ್ತಾ ಕೂತಿರ್ತಿದ್ದರು."

ಬೊಮ್ಮಯ್ಯ ಎದ್ದು ಕಿಟಕಿಯ ಹತ್ತಿರ ಹೋದ. ತನ್ನ ಜಗಲಿ ಅಲ್ಲಿಂದ ಕಾಣುತ್ತಿತ್ತು. ಯಾರೋ ಇಬ್ಬರು ಕೂತು ಅವನಿಗಾಗಿ ಕಾಯುತ್ತಿದ್ದರು. ಬಹಳ ಹೊತ್ತು ನೋಡಿದ. ಬೆಳಿಗ್ಗೆಯಿಂದ ಸಂಜೆಯ ತನಕ ಕೂತು, ಒಂಬತ್ತು ಸಲ ಸೋತು, ಹತ್ತನೆಯ ಸಲಕ್ಕೆ ತನ್ನ ಕೈಯನ್ನು ತಾನೇ ಗೆದ್ದವನ ಮೇಲೆ ಅವನಿಗೆ ಹಿಂದೆಂದೂ ಇಲ್ಲದಷ್ಟು ಅಸೂಯೆ ಹುಟ್ಟಿತು. ಹಿಂದಿನದು ಸ್ಥಾನದ ಮೇಲಿನ ಅಸೂಯೆ. ಇದು ಮನುಷ್ಯನ ಮೇಲಿನದು. ಇದು ಐದೂವರೆಯೊಳಗೆ ಶಾಂತವಾಗುವಂಥದಲ್ಲ.

ಗಡಿಯಾರದಲ್ಲಿ ನಾಲ್ಕಾಗಿತ್ತು. ಕಡಲು ಹಿಂದೆ ಸರಿಯುತ್ತಿತ್ತು.

"ನಾನು ಈ ಪಟ್ಟಿ ಬಿಚ್ಚಿದರೆ ಮತ್ತೆ ಸಭೆಯ ಸದಸ್ಯನಾಗುತ್ತೇನೆಯೇ?" ಎಂದು ಕೇಳಿದ.

ಆಗುತ್ತೀರಿ, ಆ ಕ್ಷಣದಿಂದಲೇ ಎಂದಳು ಮಾಲಿನಿ. ಆದರೆ ಒಮ್ಮೆ ತಾನಾಗಿ ಬಿಟ್ಟವನಿಗೆ ತಡೆಗಾರನ ಸ್ಥಾನ ಮತ್ತೆ ಸಿಗುವುದಿಲ್ಲ, ಎಷ್ಟು ಠರಾವು ಬಿದ್ದರೂ ಸಿಗುವುದಿಲ್ಲ, ಕಟ್ಟಳೆ ಹಾಗಿದೆ ಎಂದು ಓದಿ ಹೇಳಿದಳು.

"ನನ್ನ ಬಳಿಕ ಯಾರು?"

ಅವಳು ಹೆಸರುಗಳ ಯಾದಿ ನೋಡಿದಳು. "ಎರಡು ಸಲ ತಡೆಯಲ್ಪಟ್ಟವರು ಒಬ್ಬರೇ. ತುಳಸಮ್ಮ."

ಹನ್ನೊಂದು ವರ್ಷ ಕಾದು, ಸಾವಿನ ಸುದ್ದಿಗೆ ಹಿಗ್ಗಿ ಪಡೆದದ್ದು ಮೂರು ದಿನವೂ ಉಳಿಯಲಿಲ್ಲ. ಒಂದು ಸಲ, ತನ್ನ ದನಿಯಲ್ಲಿ ಒಂದೇ ಒಂದು ಬೇಡ, ಪೆಟ್ಟಿಗೆಯಲ್ಲಿ ಕೇಳಿಸಲಿಲ್ಲ. ಪಟ್ಟಿಯ ಕೊಂಡಿಯ ಮೇಲೆ ಬೆರಳಿಟ್ಟುಕೊಂಡು ಬೊಮ್ಮಯ್ಯ ಗಾಜಿನಾಚೆ ನೋಡಿದ. ಕೆಳಗೆ ಇಳಿತದ ದಿಬ್ಬಕ್ಕೆ ಹೆಂಗಸರು ಇಳಿದಿದ್ದರು. ಇದೇ ಕೊನೆಯದೆಂದು ತಿಳಿದೋ ಏನೋ, ತಲೆಯೆತ್ತದೆ ಆರಿಸುತ್ತಿದ್ದರು.

ಅವನು ಪಟ್ಟಿ ಬಿಚ್ಚಿ ಮಾಲಿನಿಯ ಕೈಗೆ ಕೊಟ್ಟ.

ಠರಾವು ಹಿಂದೆ ತೆಗೆಯಲು ಯಾವ ಫಲಕವೂ ಬೇಕಿರಲಿಲ್ಲ. ಒಂದು ಹಾಳೆಯ ಮೇಲೆ ರುಜು ಹಾಕಿದರೆ ಸಾಕಿತ್ತು. ನಡುಗುವ ಕೈಯ ರುಜುವನ್ನೂ ಅದು ಒಪ್ಪಿತು. ಕಾರಣ ಬರೆಯಬೇಕಾದ ಜಾಗದಲ್ಲಿ ಅವನು, 'ಈ ಠರಾವು ಭತ್ತಕ್ಕಾಗಿ ತಂದದ್ದಲ್ಲ' ಎಂದಷ್ಟೇ ಬರೆದ. ಐದು ಗಂಟೆಗೆ ಪೆಟ್ಟಿಗೆ ಅದನ್ನು ಮನೆಮನೆಗೂ ಓದಿ ಹೇಳಿತು.

ದಡದಲ್ಲಿ ತುಳಸು ಎದುರಾದಳು. ಅವಳಿಗಾಗಲೇ ಕರೆ ಹೋಗಿತ್ತು. ಸೊಂಟದ ಬುಟ್ಟಿಯನ್ನು ಇಳಿಸದೆಯೇ, "ಈ ವಯಸ್ಸಲ್ಲಿ ನನಗೆ ಇದೊಂದು ಕಟ್ಟಿದೆಯಲ್ಲ ತಮ್ಮಾ. ಇನ್ನು ಊರವರು ನನ್ನ ಬಳಚೂ ಮುಟ್ಟಲಿಕ್ಕಿಲ್ಲ" ಎಂದಳು. ಮುಂದಕ್ಕೆ ಹೋದವಳು ನಿಂತು ತಿರುಗಿದಳು. "ಒಂಬತ್ತನೇ ಠರಾವು ಯಾವಾಗ ತರ್ತೀಯ?"

ಬೊಮ್ಮಯ್ಯನಿಗೆ ನಗು ಬರಲಿಲ್ಲ. ಆದರೆ ಅವಳು ಕೇಳಿದ್ದು ಒಳ್ಳೆಯದೆನಿಸಿತು.

ಮನೆಗೆ ಬಂದಾಗ ಜಗಲಿ ಖಾಲಿಯಾಗಿತ್ತು. ಕಾದಿದ್ದವರು ಪೆಟ್ಟಿಗೆಯ ಮಾತು ಕೇಳಿ ಎದ್ದುಹೋಗಿದ್ದರು. ಸಣ್ಣಮ್ಮ ಒಂದು ತಂಬಿಗೆ ನೀರು ತಂದಿಟ್ಟಳು. ಒಳಗೆ ಹೋಗುವ ಬದಲು, ಎಷ್ಟೋ ವರ್ಷದ ಮೇಲೆ, ಅವನ ಪಕ್ಕದಲ್ಲೇ ಕೂತಳು. ಇಬ್ಬರೂ ಅಳಿವೆಯ ಕಡೆ ನೋಡಿದರು. ಐದೂವರೆ ಆಯಿತು. ಹದಿನಾರು ಬಾಗಿಲೂ ತೆರೆದೇ ಇದ್ದವು. ಇಳಿದ ನೀರು ಒಂದಿಷ್ಟು ಹೊತ್ತು ಹಾಗೆಯೇ ನಿಂತು, ಬಳಿಕ ಮೆಲ್ಲಗೆ ಒಳಮುಖವಾಯಿತು.

ಬೊಮ್ಮಯ್ಯ ಕೈ ಮುಗಿದ. ಕೈ ಆಗಲೂ ನಡುಗುತ್ತಿತ್ತು.

'ವೆಂಕಟರಮಣಾ, ನನ್ನ ಭಾವ ಹಮ್ಮಣ್ಣ ನಿನ್ನಲ್ಲಿಗೆ ಬಂದಿದ್ದಾನೆ. ಅವನ ಸಾವಿಗೆ ನಾನು ಹಿಗ್ಗಿದೆ. ಆ ಪಾಪ ನನಗಿರಲಿ, ಅವನ ದಾರಿಗೆ ಅಡ್ಡ ಬಾರದಿರಲಿ. ಊರಿನ ಕಹಿಯನ್ನೆಲ್ಲ ಕುಡಿದು ಹಿತ್ತಲ ಬಾಗಿಲಲ್ಲಿ ನಡೆದಾಡಿದವನು ಅವನು. ನಿನ್ನ ಮನೆಯಲ್ಲಿ ಅವನನ್ನು ಮುಂಬಾಗಿಲಿಂದ ಕರೆದುಕೋ, ನಾಲ್ಕು ಜನರ ನಡುವೆ ಕೂರಿಸು, ಬಾ ಎಂದು ಮೊದಲು ನೀನೇ ಹೇಳು. ನಾನು ಬೇಡಿದ ಶಾಂತಿ ನನಗಿಂತ ಮೊದಲು ಅವನಿಗೇ ಸಿಕ್ಕಿತು. ಅದಕ್ಕೂ ನನ್ನ ಹೊಟ್ಟೆ ಉರಿಯುತ್ತದೆ, ತಂದೆ. ಉರಿದರೂ ಬೇಡಿಕೊಳ್ಳುತ್ತೇನೆ: ಅದನ್ನು ಅವನಿಂದ ತೆಗೆಯಬೇಡ. ಅವನ ಆತ್ಮಕ್ಕೆ ಶಾಂತಿ ಇರಲಿ.'